ಸಿಪ್ಪೆಯೊಳಗಿನ ಸಕ್ಕರೆ

ಬೆಲ್ಲದ ಗಾಣದ ಮನೆಗೆ ಉರುವಲನ್ನು ಹೊರಗಿನಿಂದ ತರುವ ರೂಢಿಯಿಲ್ಲ. ಗಾಣದ ಒಂದು ಬದಿಯಿಂದ ಹರಿದ ರಸ ಕೊಪ್ಪರಿಗೆಗೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದ ಸಿಪ್ಪೆ ಅಂಗಳದ ಬಿಸಿಲಿನಲ್ಲಿ ಒಣಗಿ ಅದೇ ಕೊಪ್ಪರಿಗೆಯ ಕೆಳಗಿನ ಒಲೆ ಸೇರುತ್ತದೆ. ಕಬ್ಬಿನ ರಸವನ್ನು ಕಬ್ಬಿನ ಬೆಂಕಿಯಿಂದಲೇ ಕುದಿಸುವ ಈ ಜಾಣತನ ಎಷ್ಟು ಹಳೆಯದೆಂದರೆ, ಅದನ್ನು ಜಾಣತನವೆಂದು ಯಾರೂ ಗುರುತಿಸುವುದಿಲ್ಲ. ಒಲೆಗೆ ಸಿಪ್ಪೆ ನೂಕುವವನ ಕಣ್ಣಿಗೆ ಅದು ಸಾರ ಹೋದ ಕಬ್ಬು. ಚಿಕ್ಕಂದಿನಲ್ಲಿ ಬಿಸಿ ಬೆಲ್ಲದ ಆಸೆಗೆ ಅಲ್ಲಿ ಸುಳಿದಾಡುತ್ತಿದ್ದ ನಾವು, ಸಿಪ್ಪೆಯ ರಾಶಿ ಇರುವುದು ಹಾರಿ ಕುಣಿಯುವುದಕ್ಕೆಂದೇ ನಂಬಿದ್ದೆವು.

ರಸಾಯನಶಾಸ್ತ್ರದ ಲೆಕ್ಕ ಬೇರೆಯೇ ಇದೆ. ನೂರು ಕಿಲೋ ಕಬ್ಬನ್ನು ಕಾರ್ಖಾನೆಯಲ್ಲಿ ನುರಿಸಿದರೆ ಸುಮಾರು 10ರಿಂದ 11 ಕಿಲೋ ಸಕ್ಕರೆ ಬರುತ್ತದೆ. ಜೊತೆಗೆ 28-30 ಕಿಲೋ ಸಿಪ್ಪೆ, ಅಂದರೆ ಕಾರ್ಖಾನೆಯವರು ಬಗಾಸ್ ಎನ್ನುವ ವಸ್ತು ಉಳಿಯುತ್ತದೆ. ಅದರಲ್ಲಿ ಅರ್ಧ ನೀರು. ಉಳಿದ 14-15 ಕಿಲೋ ಒಣ ಸಿಪ್ಪೆಯಲ್ಲಿ ಶೇಕಡ 40-45ರಷ್ಟು ಸೆಲ್ಯುಲೋಸ್, ಕಾಲು ಭಾಗಕ್ಕಿಂತ ತುಸು ಹೆಚ್ಚು ಹೆಮಿಸೆಲ್ಯುಲೋಸ್, ಮಿಕ್ಕಿದ್ದರಲ್ಲಿ ಬಹುಪಾಲು ಲಿಗ್ನಿನ್ ಎಂಬ ಗಟ್ಟಿ ಅಂಟು. ಈ ಪೈಕಿ ಮೊದಲಿನೆರಡೂ ಸಕ್ಕರೆಯ ಕಣಗಳಿಂದಲೇ ಕಟ್ಟಿದ ವಸ್ತುಗಳು. ಪೂರ್ತಿ ಬಿಡಿಸಲು ಸಾಧ್ಯವಾದರೆ ಅವುಗಳಿಂದ ಹತ್ತು-ಹನ್ನೊಂದು ಕಿಲೋ ಸಕ್ಕರೆ ಸಿಗಬೇಕು. ರಸದಲ್ಲಿ ಎಷ್ಟು ಸಕ್ಕರೆಯಿತ್ತೋ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ ಸಿಪ್ಪೆಯಲ್ಲೂ ಅಡಗಿ ಕೂತಿದೆ ಎಂದಾಯಿತು. ಅದನ್ನು ನಾವು ಒಲೆಗೆ ಹಾಕುತ್ತೇವೆ.

ಹಾಗಿದ್ದರೆ ಸಿಪ್ಪೆ ಅಗಿದಾಗ ಸಿಹಿ ಏಕಿಲ್ಲ? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ, ಘಟಪ್ರಭೆಯ ಗುಂಟ ನಡೆದರೆ ಸಾಕು. ಮಹಾರಾಷ್ಟ್ರದ ಘಟ್ಟದಿಂದ ಬರುವ ಈ ನದಿ ಹುಕ್ಕೇರಿ ತಾಲ್ಲೂಕಿನ ದಡ್ಡಿಯನ್ನು ದಾಟಿ ಹಿಡಕಲ್ ಜಲಾಶಯ ಸೇರುತ್ತದೆ. ಅಲ್ಲಿಂದ ಧೂಪದಾಳದ ಒಡ್ಡು, ಮುಂದೆ ಗೋಕಾಕದ ಜಲಪಾತ. ಆ ಜಲಪಾತದ ನೀರಿನ ಬಲದಿಂದ 1887ರಲ್ಲಿ ನೂಲುವ ಗಿರಣಿ ಶುರುವಾಯಿತು. ಗಿರಣಿಗೆ ಬರುತ್ತಿದ್ದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸೆಲ್ಯುಲೋಸ್. ನಿಸರ್ಗದಲ್ಲಿ ಅಷ್ಟು ಶುದ್ಧವಾಗಿ ಅದು ಸಿಗುವುದು ಅಪರೂಪ. ಸಾವಿರಾರು ಗ್ಲುಕೋಸ್ ಕಣಗಳು ಕೈಕೈ ಹಿಡಿದು ಸಾಲಾಗಿ ನಿಂತರೆ ಒಂದು ಸೆಲ್ಯುಲೋಸ್ ಎಳೆ. ಇಂಥ ಎಳೆಗಳು ಒಂದಕ್ಕೊಂದು ಬಿಗಿದುಕೊಂಡರೆ ಹತ್ತಿಯ ನಾರು. ಜೋಳದ ಹಿಟ್ಟಿನಲ್ಲಿರುವ ಪಿಷ್ಟವೂ ಅದೇ ಗ್ಲುಕೋಸಿನ ಸರಪಳಿಯೇ. ಆದರೆ ಕಣಗಳು ಕೈ ಹಿಡಿದ ರೀತಿ ಬೇರೆ. ಪಿಷ್ಟದ ಕೊಂಡಿಯನ್ನು ನಮ್ಮ ಬಾಯಿಯ ಎಂಜಲೇ ಕಳಚಬಲ್ಲದು, ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದಕ್ಕೇ. ಸೆಲ್ಯುಲೋಸಿನ ಕೊಂಡಿಯನ್ನು ಕಳಚುವ ಕೀಲಿಕೈ ಮನುಷ್ಯನ ಮೈಯಲ್ಲಿಲ್ಲ. ನಾಲಿಗೆಗೆ ಸಿಹಿ ತಿಳಿಯುವುದು ಬಿಡಿ ಕಣಗಳಿಂದ, ಸರಪಳಿಯಿಂದಲ್ಲ. ಗೋಕಾಕದ ಕರದಂಟನ್ನೇ ನೋಡಿ. ಅದರಲ್ಲಿ ಬೆಲ್ಲ ಎಷ್ಟು ಸಿಹಿಯೋ ಅಂಟು ಅಷ್ಟೇ ಸಪ್ಪೆ. ಆದರೆ ಮರದಿಂದ ಒಸರಿದ ಆ ಅಂಟು ಕೂಡ ಬಹುಮಟ್ಟಿಗೆ ಸಕ್ಕರೆಯ ಕಣಗಳ ಸರಪಳಿಯೇ.

ಕೀಲಿಕೈ ಇರುವ ಜೀವಿಗಳೂ ಇವೆ. ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ದಡ್ಡಿ ಎಂದರೆ ದನ ಕೂಡುವ ಜಾಗ. ಗೌಳಿಗರ ಬೀಡಿಗೆ ಗೌಳಿ ದಡ್ಡಿ ಎನ್ನುವುದು ಈ ಅರ್ಥದಲ್ಲೇ. ದಡ್ಡಿಯಲ್ಲಿ ಮಲಗಿ ಮೆಲುಕು ಹಾಕುವ ಎಮ್ಮೆ, ಜೋಳದ ಕಣಕಿಯನ್ನೋ ಕಬ್ಬಿನ ತುದಿಯ ಹಸಿರು ಸೋಗೆಯನ್ನೋ ತನ್ನ ಮೊದಲ ಹೊಟ್ಟೆಯಲ್ಲಿ ತುಂಬಿಕೊಂಡಿರುತ್ತದೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಸುಮಾರು 39 ಡಿಗ್ರಿಯ ಮೈಶಾಖದಲ್ಲೇ ಸೆಲ್ಯುಲೋಸನ್ನು ಗ್ಲುಕೋಸ್ ಮಾಡುತ್ತವೆ. ಎಮ್ಮೆಗೆ ಮಾತ್ರ ಆ ಸಕ್ಕರೆ ದಕ್ಕುವುದಿಲ್ಲ. ಸೂಕ್ಷ್ಮಜೀವಿಗಳೇ ಅದನ್ನು ತಿಂದು ಹುಳಿಯಂಥ ಆಮ್ಲಗಳನ್ನು ಬಿಟ್ಟುಕೊಡುತ್ತವೆ, ಎಮ್ಮೆಯ ದುಡಿಮೆ, ಹಾಲು ಎಲ್ಲವೂ ಆ ಆಮ್ಲಗಳ ಬಲದಿಂದ. ಸದ್ದಿಲ್ಲದೆ ನಡೆಯುವ ಈ ಕೆಲಸವನ್ನು ಮನುಷ್ಯ ತನ್ನ ಕೈಯಾರೆ ಮಾಡಹೊರಟು ಇನ್ನೂರು ವರ್ಷಗಳು ಕಳೆದಿವೆ.

ಮೊದಲು ಗೆದ್ದದ್ದು ಆಮ್ಲ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಕಾಟದಿಂದ ಯುರೋಪಿಗೆ ಕಬ್ಬಿನ ಸಕ್ಕರೆ ಬರುವುದು ಕಷ್ಟವಾಯಿತು. ಬೀಟ್ ಗೆಡ್ಡೆಯ ಸಕ್ಕರೆ ತಲೆಯೆತ್ತಿದ್ದು ಆಗಲೇ. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಕಿರ್ಖೋಫ್ ಪಿಷ್ಟವನ್ನು ಗಂಧಕಾಮ್ಲದೊಡನೆ ಕುದಿಸಿ ಸಿಹಿ ಪಾಕ ತೆಗೆದ. ಫ್ರಾನ್ಸಿನ ನಾನ್ಸಿ ಪಟ್ಟಣದ ಆಂರಿ ಬ್ರಾಕೊನೊ 1819ರಲ್ಲಿ ಇನ್ನೂ ಮುಂದೆ ಹೋಗಿ ಮರದ ಹೊಟ್ಟು ಮತ್ತು ಹರಿದ ನಾರುಬಟ್ಟೆಯ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಸಕ್ಕರೆ ಮಾಡಿದ. ಬಂದ ಸಕ್ಕರೆಯ ತೂಕ ಹಾಕಿದ ಚಿಂದಿಯ ತೂಕಕ್ಕಿಂತ ಹೆಚ್ಚಿತ್ತು! ಇದರಲ್ಲಿ ಮಾಟವೇನಿಲ್ಲ. ಸರಪಳಿಯ ಪ್ರತಿ ಕೊಂಡಿ ಕಳಚುವಾಗಲೂ ಒಂದು ನೀರಿನ ಕಣ ಬಂದು ಸೇರಿಕೊಳ್ಳುತ್ತದೆ, ಹೆಚ್ಚಿದ್ದು ಆ ನೀರಿನ ತೂಕ. ತಾನು ಬಿಡಿಸಿದ ವಸ್ತುವಿಗೆ ಹೆಸರೇ ಇಲ್ಲದ ಕಾಲದಲ್ಲಿ ಬ್ರಾಕೊನೊ ಇದನ್ನು ಮಾಡಿದ್ದ. ಪ್ಯಾರಿಸ್ಸಿನ ಆನ್ಸೆಲ್ಮ್ ಪಾಯೆನ್ ಸಸ್ಯಗಳ ಈ ಮೂಲವಸ್ತುವನ್ನು ಬೇರ್ಪಡಿಸಿದ್ದು 1838ರಲ್ಲಿ, ಸೆಲ್ಯುಲೋಸ್ ಎಂಬ ಹೆಸರು ರೂಢಿಗೆ ಬಂದದ್ದು ಅದರ ನಂತರ.

ಆಮ್ಲದ ಈ ದಾರಿ ಕಾರ್ಖಾನೆಯವರೆಗೂ ಹೋಯಿತು. ಆದರೆ ಅದು ನಡೆದದ್ದು ಹೆಚ್ಚಾಗಿ ಯುದ್ಧದ ನೆರಳಿನಲ್ಲಿ. ಮೊದಲ ಮಹಾಯುದ್ಧದ ಸುಮಾರಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮರದ ಹೊಟ್ಟಿನಿಂದ ಆಲ್ಕೋಹಾಲ್ ತೆಗೆಯುವ ಎರಡು ಕಾರ್ಖಾನೆಗಳಿದ್ದವು. ಎರಡು ಯುದ್ಧಗಳ ನಡುವಿನ ಜರ್ಮನಿಯಲ್ಲಿ ಶೋಲರ್ ಎಂಬಾತ ದುರ್ಬಲ ಗಂಧಕಾಮ್ಲದ, 1931ರ ನೊಬೆಲ್ ವಿಜೇತ ಫ್ರೀಡ್ರಿಖ್ ಬರ್ಗಿಯಸ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದ ವಿಧಾನಗಳನ್ನು ಬಳಕೆಗೆ ತಂದರು. ಯುದ್ಧ ಮುಗಿದು ಕಾಕಂಬಿ, ಪೆಟ್ರೋಲಿಯಂ ಅಗ್ಗವಾದ ಕೂಡಲೇ ಪಶ್ಚಿಮದ ಇಂಥ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಟ ಹಿಡಿದು ನಡೆಸಿದ್ದು ಸೋವಿಯತ್ ಒಕ್ಕೂಟ. ಅಲ್ಲಿ ಹತ್ತಾರು ಕಾರ್ಖಾನೆಗಳು ಮರದ ಸಕ್ಕರೆಯಿಂದ ಆಲ್ಕೋಹಾಲನ್ನೂ ದನಗಳ ಮೇವಿಗೆ ಬೆರೆಸುವ ಯೀಸ್ಟನ್ನೂ ದಶಕಗಳ ಕಾಲ ತಯಾರಿಸಿದವು.

ನಮ್ಮ ಗಾಣದ ಒಲೆಗೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ದಾರಿ. ಅದು ಬೆಂಕಿಯದು. ಆಮ್ಲವಿಲ್ಲದೆ, ಬರೀ ಶಾಖದಿಂದ ಸೆಲ್ಯುಲೋಸಿನ ಸರಪಳಿ ಹರಿದರೆ ಏನಾಗುತ್ತದೆ?

ಈ ಪ್ರಶ್ನೆಗೆ ಚೊಕ್ಕ ಉತ್ತರ ಸಿಕ್ಕಿದ್ದು 1918ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಅಲ್ಲಿನ ಪ್ರಾಧ್ಯಾಪಕ ಆಮೆ ಪಿಕ್ಟೆ ಮತ್ತು ಆತನ ಸಹೋದ್ಯೋಗಿ ಸಾರಾಸಿನ್ ಸೆಲ್ಯುಲೋಸನ್ನು ಗಾಳಿ ತೆಗೆದ ಪಾತ್ರೆಯಲ್ಲಿಟ್ಟು ಕಾಯಿಸಿದರು. (ಪಕ್ಕದ ನಿಪ್ಪಾಣಿಯ ತಂಬಾಕಿನ ಸೀಮೆಯವರಿಗೆ ಕುತೂಹಲವಾದೀತೆಂದು ಒಂದು ಮಾತು: ನಿಕೋಟಿನ್ನನ್ನು ಪ್ರಯೋಗಶಾಲೆಯಲ್ಲಿ ಮೊದಲು ಕಟ್ಟಿದವನೂ ಇದೇ ಪಿಕ್ಟೆ.) ತೆರೆದ ಒಲೆಯಲ್ಲಿ ಹತ್ತಿ ಸುಟ್ಟರೆ ಬೂದಿಯಾಗುತ್ತದೆ. ಮುಚ್ಚಿದ ಮಡಕೆಯಲ್ಲಿ ನಿಧಾನವಾಗಿ ಕಾಯಿಸಿದರೆ ಇದ್ದಿಲಾಗುತ್ತದೆ. ಇವರ ಪಾತ್ರೆಯಲ್ಲಿ ಎರಡೂ ಆಗಲಿಲ್ಲ. ಒತ್ತಡ ತೀರ ಕಡಿಮೆಯಿದ್ದುದರಿಂದ ಸರಪಳಿಯಿಂದ ಹರಿದ ತುಣುಕುಗಳು ಆವಿಯಾಗಿ ಕೂಡಲೇ ಹೊರಬಿದ್ದವು. ಆವಿಯನ್ನು ತಂಪಾಗಿಸಿದಾಗ ದಪ್ಪನೆಯ ಹಳದಿ ಎಣ್ಣೆಯಂಥ ದ್ರವ, ಅದರಿಂದ ಬಿಳಿಯ ಹರಳು ದೊರೆತವು. ಆ ಹರಳಿನ ಹೆಸರು ಲೀವೋಗ್ಲುಕೋಸಾನ್. ಫ್ರಾನ್ಸಿನ ತಾಂರೆ ಎಂಬಾತ 1894ರಲ್ಲೇ ಬೇರೊಂದು ದಾರಿಯಿಂದ ಅದನ್ನು ಕಂಡಿದ್ದ. ಆದರೆ ಹತ್ತಿಯಿಂದಲೂ ಪಿಷ್ಟದಿಂದಲೂ ಬರೀ ಕಾಯಿಸಿದರೆ ಅದು ಬರುತ್ತದೆಂದು ತೋರಿಸಿದ್ದು ಜಿನೀವಾದ ಈ ಜೋಡಿ.

ಹೆಸರು ಉದ್ದವಾದರೂ ವಸ್ತು ಸರಳ. ಗ್ಲುಕೋಸಿನಿಂದ ಒಂದು ನೀರಿನ ಕಣವನ್ನು ತೆಗೆದರೆ ಉಳಿಯುವುದೇ ಲೀವೋಗ್ಲುಕೋಸಾನ್. ಬೆಂಕಿಯಲ್ಲಿ ಸರಪಳಿ ಹರಿಯುವಾಗ ನೀರು ಸಿಗುವುದಿಲ್ಲ. ಆದ್ದರಿಂದ ಕಳಚಿದ ಕಣ ತನ್ನ ಕೈಯನ್ನು ತಾನೇ ಹಿಡಿದು ಉಂಗುರದಂತೆ ಮುದುಡಿಕೊಳ್ಳುತ್ತದೆ. ಮುಂದೆ ಅದಕ್ಕೆ ನೀರು ಬೆರೆಸಿ, ತುಸು ಆಮ್ಲ ಹಾಕಿ ಬಿಸಿ ಮಾಡಿದರೆ ಕಳೆದ ನೀರನ್ನು ಮರಳಿ ಪಡೆದು ಗ್ಲುಕೋಸ್ ಆಗುತ್ತದೆ. ಬೆಂಕಿಯಿಂದ ಸಕ್ಕರೆ ತೆಗೆಯುವ ಎಲ್ಲ ಪ್ರಯತ್ನಗಳ ತಿರುಳು ಇಷ್ಟೇ.

ಪಿಕ್ಟೆಯ ಪ್ರಯೋಗವಾಗಿ ಐದು ವರ್ಷಕ್ಕೆ, 1923ರಲ್ಲಿ, ನಮ್ಮ ನಾಡಿನಲ್ಲೇ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುವ ಭಾರಿ ಉದ್ಯಮವೊಂದು ಶುರುವಾಯಿತು. ಅದು ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ. ಕಲ್ಲಿದ್ದಲಿಲ್ಲದ ಸಂಸ್ಥಾನದಲ್ಲಿ ಕಬ್ಬಿಣ ಕರಗಿಸಲು ಮಲೆನಾಡಿನ ಕಾಡಿನ ಇದ್ದಿಲೇ ಗತಿಯಾಗಿತ್ತು. ಬಯಲಿನಲ್ಲಿ ಗುಪ್ಪೆ ಹಾಕಿ ಇದ್ದಿಲು ಸುಡುವ ಬದಲು ಕಬ್ಬಿಣದ ದೊಡ್ಡ ಪಾತ್ರೆಗಳಲ್ಲಿ ಮರ ತುಂಬಿ ಕಾಯಿಸಿ, ಹೊರಬರುವ ಆವಿಯನ್ನೂ ಹಿಡಿದಿಡುವ ಘಟಕವನ್ನು ಅಲ್ಲಿ ಕಟ್ಟಲಾಯಿತು. ಇದ್ದಿಲು ಕುಲುಮೆಗೆ ಹೋಯಿತು. ಆವಿಯಿಂದ ಮೀಥೈಲ್ ಆಲ್ಕೋಹಾಲ್, ಕ್ಯಾಲ್ಸಿಯಂ ಅಸಿಟೇಟ್, ಡಾಂಬರು ದೊರೆತು ಮಾರಾಟಕ್ಕೆ ಬಂದವು. ಅದೇ ವರ್ಷ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರಂಥ ಲೆಕ್ಕದ ಮನುಷ್ಯರಿಗೆ ಹೊಗೆಯನ್ನೂ ಬಿಡದೆ ಬಳಸುವ ಈ ಏರ್ಪಾಟು ಹಿಡಿಸಿರಲೇಬೇಕು.

ಭದ್ರಾವತಿಯ ಆ ಆವಿಯಲ್ಲಿ ಸಕ್ಕರೆ ಏಕೆ ಬರಲಿಲ್ಲ? ಮರದ ಸುಮಾರು ಅರ್ಧ ಭಾಗ ಸೆಲ್ಯುಲೋಸ್ ತಾನೆ? ಇಲ್ಲಿ ಬೆಂಕಿಯ ನಡೆಯನ್ನು ಗಮನಿಸಬೇಕು. ಕಟ್ಟಿಗೆಯ ದಪ್ಪ ತುಂಡು ನಿಧಾನವಾಗಿ ಕಾಯುತ್ತದೆ. ಒಳಗೆ ಹುಟ್ಟಿದ ಲೀವೋಗ್ಲುಕೋಸಾನ್ ಆವಿ ಹೊರಬರಲು ಕಟ್ಟಿಗೆಯ ಬಿಸಿ ಪದರಗಳನ್ನೆಲ್ಲ ದಾಟಬೇಕು. ದಾಟುವಷ್ಟರಲ್ಲಿ ಅದು ಮತ್ತೆ ಮತ್ತೆ ಒಡೆದು ನೀರು, ಅನಿಲ, ಆಮ್ಲ, ಇದ್ದಿಲು ಆಗಿಹೋಗುತ್ತದೆ. ನಿಧಾನದ ಬೆಂಕಿ ಇದ್ದಿಲು ಕೊಡುತ್ತದೆ, ಆತುರದ ಬೆಂಕಿ ಸಕ್ಕರೆ ಕೊಡುತ್ತದೆ. ಭದ್ರಾವತಿಗೆ ಬೇಕಾದದ್ದು ಇದ್ದಿಲು, ಅದು ಅವರಿಗೆ ಸಿಕ್ಕಿತು.

ಆತುರದ ಬೆಂಕಿ ಎಂದರೆ ಎಷ್ಟು ಆತುರ? 1980ರ ದಶಕದಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಕಾಟ್, ಯಾನ್ ಪಿಸ್ಕೋರ್ಜ್ ಮತ್ತು ಸಂಗಡಿಗರು ಇದನ್ನು ಅಳತೆ ಮಾಡಿ ನೋಡಿದರು. ಮರವನ್ನು ಹಿಟ್ಟಿನಂತೆ ಪುಡಿಮಾಡಿ, ಸುಮಾರು 500 ಡಿಗ್ರಿ ಶಾಖದಲ್ಲಿ ಕುಣಿಯುವ ಮರಳಿನ ಮೇಲೆ ಬೀಳಿಸಿ, ಒಂದು ಸೆಕೆಂಡಿನ ಆಸುಪಾಸಿನಲ್ಲೇ ಆವಿಯನ್ನು ಹೊರಗೆಳೆದು ತಂಪಾಗಿಸುವುದು ಅವರ ವಿಧಾನ. ಪುಡಿಯ ಬಹುಪಾಲು ಕಂದು ಎಣ್ಣೆಯಾಗಿ ಬಂತು. ಆದರೆ ಸಕ್ಕರೆ ಮಾತ್ರ ನಿರೀಕ್ಷೆಗಿಂತ ತೀರ ಕಡಿಮೆ. ಶುದ್ಧ ಸೆಲ್ಯುಲೋಸ್ ಹಾಕಿದರೆ ಅರ್ಧದಷ್ಟು ಲೀವೋಗ್ಲುಕೋಸಾನ್ ಬರುತ್ತದೆ, ಮರ ಹಾಕಿದರೆ ಬರುವುದಿಲ್ಲ, ಏಕೆ?

ಕಳ್ಳ ಸಿಕ್ಕಿಬಿದ್ದದ್ದು ಬೂದಿಯಲ್ಲಿ. ಗಿಡಮರಗಳು ಮಣ್ಣಿನಿಂದ ಹೀರಿದ ಪೊಟ್ಯಾಸಿಯಂ ಮುಂತಾದ ಲವಣಗಳು ಒಣಗಿದ ಮೇಲೂ ಅವುಗಳಲ್ಲೇ ಉಳಿದಿರುತ್ತವೆ. ಬೆಂಕಿ ತಾಕಿದಾಗ ಇವು ಸೆಲ್ಯುಲೋಸಿನ ಸರಪಳಿಯನ್ನು ಕೊಂಡಿಯ ಬಳಿ ಒಡೆಯಗೊಡದೆ ಸಕ್ಕರೆಯ ಉಂಗುರವನ್ನೇ ಚೂರು ಮಾಡುತ್ತವೆ. ಶೇಕಡ ಒಂದಕ್ಕಿಂತ ಕಡಿಮೆ ಲವಣವಿದ್ದರೂ ಸಾಕು, ಕೆಲಸ ಕೆಟ್ಟಿತು. ಕಬ್ಬಿನ ಗದ್ದೆಗೆ ಪೊಟ್ಯಾಷ್ ಗೊಬ್ಬರ ಹಾಕುವ ರೈತನಿಗೆ ಇದು ತಮಾಷೆಯೆನಿಸಬಹುದು. ರಸದ ಸಕ್ಕರೆ ಹೆಚ್ಚಲೆಂದು ಹಾಕಿದ್ದು ಸಿಪ್ಪೆಯ ಸಕ್ಕರೆಗೆ ಮುಳುವಾಗುತ್ತದೆ! ವಾಟರ್‌ಲೂದವರು ಮರದ ಪುಡಿಯನ್ನು ಮೊದಲು ಬಿಸಿ ದುರ್ಬಲ ಆಮ್ಲದಲ್ಲಿ ತೊಳೆದು ಲವಣ ತೆಗೆದು ನೋಡಿದರು. ಲೀವೋಗ್ಲುಕೋಸಾನ್ ಹಲವು ಪಟ್ಟು ಹೆಚ್ಚಿತು. ಮುಂದೆ ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದ ರಾಬರ್ಟ್ ಬ್ರೌನ್ ಅವರ ಬಳಗ, ಲವಣವನ್ನು ತೊಳೆಯುವ ಬದಲು ಸ್ವಲ್ಪ ಗಂಧಕಾಮ್ಲ ಬೆರೆಸಿ ಅದರ ಬಾಯಿ ಕಟ್ಟಬಹುದೆಂದು ತೋರಿಸಿತು. ಬೆಂಕಿಯ ಬದಲು ಕುದಿನೀರನ್ನು ನಂಬಿದವರೂ ಇದ್ದಾರೆ. 374 ಡಿಗ್ರಿ ದಾಟಿ ಕಾಯಿಸಿ, ಗಾಳಿಯ ಒತ್ತಡದ ಇನ್ನೂರು ಪಟ್ಟಿಗೂ ಮಿಕ್ಕ ಒತ್ತಡದಲ್ಲಿ ಹಿಡಿದಿಟ್ಟ ನೀರು ಸೆಲ್ಯುಲೋಸನ್ನು ಕಣ್ಣೆವೆ ಇಕ್ಕುವುದರೊಳಗೆ ಸಕ್ಕರೆ ಮಾಡುತ್ತದೆಂದು ಜಪಾನಿನ ತೊಹೋಕು ವಿಶ್ವವಿದ್ಯಾಲಯದವರು 1990ರ ದಶಕದ ಕೊನೆಗೆ ಕಂಡುಕೊಂಡರು. ಆದರೆ ಒಂದೆರಡು ಎವೆಯಷ್ಟು ತಡವಾದರೂ ಆ ಸಕ್ಕರೆಯೂ ಒಡೆದುಹೋಗುತ್ತದೆ. ಗಾಣದ ಮನೆಯಲ್ಲಿ ಪಾಕದ ಹದ ನೋಡುವವನ ಕಷ್ಟವೇ ಇದು, ಸಮಯ ಮಾತ್ರ ಸಾವಿರ ಪಾಲು ಕಿರಿದು.

ಇಷ್ಟಾದ ಮೇಲೆ ನಮ್ಮ ಒಲೆಯ ಹೊಗೆಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ತೆಳುವಾದ ಸಿಪ್ಪೆ ಬೇಗ ಕಾಯುತ್ತದೆ. ಅದರ ಆವಿಯೆಲ್ಲ ಉರಿಯಲ್ಲಿ ಸುಟ್ಟುಹೋಗದೆ ಸ್ವಲ್ಪ ಭಾಗ ಹೊಗೆಯ ಜೊತೆ ಪಾರಾಗುತ್ತದೆ. ಆ ಹೊಗೆಯಲ್ಲಿ ಲೀವೋಗ್ಲುಕೋಸಾನ್ ಇರುತ್ತದೆ. ಸೆಲ್ಯುಲೋಸ್ ಇಲ್ಲದ ಉರುವಲಿನಿಂದ ಅದು ಬರುವುದಿಲ್ಲ. ಪೆಟ್ರೋಲಿನಲ್ಲಿ, ಡೀಸೆಲಿನಲ್ಲಿ ಸೆಲ್ಯುಲೋಸ್ ಎಲ್ಲಿದೆ? 1999ರಲ್ಲಿ ಬರ್ಂಡ್ ಸಿಮೊನೈಟ್ ಮತ್ತು ಸಂಗಡಿಗರು ಇದನ್ನೇ ಗುರುತಾಗಿ ಬಳಸಬಹುದೆಂದು ಸೂಚಿಸಿದರು. ಒಂದು ಊರಿನ ಗಾಳಿಯ ಧೂಳಿನಲ್ಲಿ ಲೀವೋಗ್ಲುಕೋಸಾನ್ ಅಳೆದರೆ, ಅಲ್ಲಿನ ಹೊಗೆಯಲ್ಲಿ ಕಟ್ಟಿಗೆ, ಹುಲ್ಲಿನ ಪಾಲೆಷ್ಟೆಂದು ಅಂದಾಜು ಸಿಗುತ್ತದೆ. ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲೂ ಈ ಸಕ್ಕರೆಯ ಅವಶೇಷ ಸಿಕ್ಕಿದೆ. ದೂರದ ಕಾಡುಗಳಿಗೆ ಹಿಂದೆಂದೋ ಬಿದ್ದ ಬೆಂಕಿಯ ದಾಖಲೆ ಅದು. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ರವದಿಗೆ ಬೆಂಕಿ ಇಡುವಾಗ ಏಳುವ ಹೊಗೆಯದೂ ಇದೇ ಕಥೆ.

ಹಾಗಾದರೆ ಹುಕ್ಕೇರಿ, ಗೋಕಾಕ, ಮೂಡಲಗಿಯ ಕಾರ್ಖಾನೆಗಳು ಸಿಪ್ಪೆಯಿಂದ ಸಕ್ಕರೆ ತೆಗೆಯಲು ಕಾದಿರುವುದೇಕೆ? ರಸಾಯನಶಾಸ್ತ್ರ ಇಲ್ಲಿ ಅಡ್ಡಿಯಲ್ಲ, ಅಡ್ಡಿ ಲೆಕ್ಕಪುಸ್ತಕದ್ದು. ಸಿಪ್ಪೆ ಈಗ ಬಿಟ್ಟಿ ಬಿದ್ದ ವಸ್ತುವಲ್ಲ. ಅದನ್ನು ಬಾಯ್ಲರಿಗೆ ಹಾಕಿ ಉಗಿ ತೆಗೆದು ಕಾರ್ಖಾನೆ ನಡೆಸಿ, ಮಿಕ್ಕ ವಿದ್ಯುತ್ತನ್ನು ಮಾರುವ ಪದ್ಧತಿ ಬೇರೂರಿದೆ. ಕಾಗದದ ಕಾರ್ಖಾನೆಗಳೂ ಅದಕ್ಕೆ ಗಿರಾಕಿಗಳು. ಬೆಂಕಿಯಿಂದ ಬಂದ ಕಂದು ಎಣ್ಣೆಯಲ್ಲಿ ಸಕ್ಕರೆಯ ಜೊತೆ ನೂರಾರು ಬೇರೆ ವಸ್ತುಗಳು ಬೆರೆತಿರುತ್ತವೆ, ಅವುಗಳಲ್ಲಿ ಕೆಲವು ಯೀಸ್ಟಿಗೆ ವಿಷ. ಬಿಡಿಸಿ ಶುದ್ಧ ಮಾಡುವ ಖರ್ಚಿಗೆ ರಸದ ಸಕ್ಕರೆಯೇ ಅಗ್ಗ. ಭಾರತ ಸದ್ಯಕ್ಕೆ ಹಿಡಿದಿರುವುದು ನಡುದಾರಿ. 2022ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಘಟಕವೊಂದು ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು ಅದರ ಗುರಿ. ಅಲ್ಲಿ ಶಾಖ ಮಾಡುವುದು ಹುಲ್ಲಿನ ಬಿಗಿತ ಸಡಿಲಿಸುವ ಅರ್ಧ ಕೆಲಸ ಮಾತ್ರ. ಕೊಂಡಿ ಕಳಚುವುದು ಕಿಣ್ವಗಳು. ಆ ಬಗೆಯ ಕಿಣ್ವಗಳನ್ನು ಜಗತ್ತಿಗೆ ಪರಿಚಯಿಸಿದ ಬೂಷ್ಟು, ಎರಡನೆಯ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕನ್ ಸೈನ್ಯದ ಹತ್ತಿಬಟ್ಟೆಯ ಸರಕನ್ನು ತಿಂದುಹಾಕಿದ್ದ ಬೂಷ್ಟು! ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಎಲ್ವಿನ್ ರೀಸ್ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ದಡ್ಡಿಯ ಎಮ್ಮೆಯ ಹೊಟ್ಟೆಯ ವಿದ್ಯೆಗೆ ಇದು ಹತ್ತಿರದ ಸಂಬಂಧಿ.

ಸಿಪ್ಪೆಗೆ ಬೆಲೆ ಬಂದ ಮೇಲೆ ಅದು ಯಾರದೆಂಬ ಪ್ರಶ್ನೆಯೂ ಬರಲೇಬೇಕು. ಕೇಂದ್ರ ಸರ್ಕಾರ ಪ್ರತಿ ವರ್ಷ ನಿಗದಿ ಮಾಡುವ ಎಫ್‌ಆರ್‌ಪಿ ದರ ನಿಂತಿರುವುದು ಸಕ್ಕರೆ ಇಳುವರಿಯ ಮೇಲೆ. 2025-26ರ ಹಂಗಾಮಿಗೆ ಶೇಕಡ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಇಳುವರಿ ಎಂದರೆ ರಸದಿಂದ ಬಂದ ಸಕ್ಕರೆ ಮಾತ್ರ. ಸಿಪ್ಪೆಯೊಳಗಿನ ಸಕ್ಕರೆಯಾಗಲಿ, ಅದನ್ನು ಸುಟ್ಟು ಬಂದ ವಿದ್ಯುತ್ತಾಗಲಿ ಆ ಅಂಕಿಯೊಳಗಿಲ್ಲ. ಈ ಕೊರತೆಯನ್ನು ಗಮನಿಸಿದ್ದು ಸಿ. ರಂಗರಾಜನ್ ಸಮಿತಿ. ಸಕ್ಕರೆಯ ಜೊತೆಗೆ ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್ ಇವುಗಳ ಮೌಲ್ಯವನ್ನೂ ಸೇರಿಸಿ ಒಟ್ಟಿನ ಶೇಕಡ 70 ಭಾಗ ಬೆಳೆಗಾರರಿಗೆ ಸಲ್ಲಬೇಕೆಂದು ಅದು 2012ರಲ್ಲಿ ಶಿಫಾರಸು ಮಾಡಿತು. ಕರ್ನಾಟಕ 2013ರಲ್ಲಿ ಕಬ್ಬಿನ ಖರೀದಿ ಮತ್ತು ಪೂರೈಕೆಯ ನಿಯಂತ್ರಣಕ್ಕೆ ಕಾಯ್ದೆ ಮಾಡಿದಾಗ ಆದಾಯ ಹಂಚಿಕೆಯ ಈ ತತ್ವವನ್ನು ಒಪ್ಪಿತು. ಒಪ್ಪುವುದು ಒಂದು, ರೈತನ ಕೈಗೆ ಹಣ ಬರುವುದು ಇನ್ನೊಂದು. ಕಾಟಾದ ಮೇಲೆ ಕಬ್ಬು ತೂಗಿಸಿದವನಿಗೆ, ತನ್ನ ಕಬ್ಬಿನ ಸಿಪ್ಪೆಯಿಂದ ಎಷ್ಟು ಯೂನಿಟ್ ವಿದ್ಯುತ್ ಹುಟ್ಟಿತೆಂದು ತಿಳಿಯುವ ದಾರಿ ಯಾವುದು? ನನ್ನ ಮಟ್ಟಿಗೆ ಸಿಪ್ಪೆಯ ಸಕ್ಕರೆಯ ಕಥೆಯಲ್ಲಿ ಇನ್ನೂ ಬಿಡಿಸದ ಕೊಂಡಿ ಇದೇ.

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದು ಕುಳಿತರು. ಟನ್ನಿಗೆ 3,500 ರೂಪಾಯಿ ಬೇಕೆಂಬುದು ಅವರ ಬೇಡಿಕೆ. ಹೋರಾಟ ಸುತ್ತಲಿನ ಜಿಲ್ಲೆಗಳಿಗೂ ಹಬ್ಬಿತು. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ನಡೆದ ಸಭೆಯಲ್ಲಿ 3,300 ರೂಪಾಯಿಗೆ ತೀರ್ಮಾನವಾಯಿತು. ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳು ನುರಿಸತೊಡಗಿದವು, ಘಟಪ್ರಭೆಯ ಗುಂಟ ಚಿಮಣಿಗಳಿಂದ ಮತ್ತೆ ಸಿಪ್ಪೆಯ ಹೊಗೆ ಏಳತೊಡಗಿತು.